ಹೊಸ್ತಿಲ ಹೂವು, ಅಂಗಳದ ಹೂವು

ಯಾರೂ ನೆಡದ, ಯಾರೂ ನೀರೆರೆಯದ ಹೂವುಗಳಿಗೆ ಕಾಸರಗೋಡಿನ ನಮ್ಮ ನೆಲದಲ್ಲಿ ವರ್ಷದ ಒಂದು ತಿಂಗಳು ಮೀಸಲಾಗಿದೆ. ತುಳುವರು ಅದನ್ನು ಸೋಣವೆನ್ನುತ್ತಾರೆ, ಪಂಚಾಂಗ ಸಿಂಹಮಾಸವೆನ್ನುತ್ತದೆ, ಮಲಯಾಳಿಗಳಿಗೆ ಅದು ಚಿಂಗಂ. ಆಟಿಯ ಎಡೆಬಿಡದ ಮಳೆ ತುಸು ಹಿಂದೆ ಸರಿದು, ಬಿಸಿಲೂ ಮಳೆಯೂ ಒಂದೇ ಅಂಗಳದಲ್ಲಿ ಆಡತೊಡಗುವ ಆ ದಿನಗಳಲ್ಲಿ ಗದ್ದೆಯ ಹುಣಿ, ತೋಟದ ಬೇಲಿ, ಗುಡ್ಡದ ಬಂಡೆ ಎಲ್ಲೆಡೆಯೂ ಏನಾದರೊಂದು ಅರಳಿರುತ್ತದೆ. ಸಪ್ತಭಾಷಾ ಸಂಗಮಭೂಮಿಯೆಂದು ನಾವು ವೇದಿಕೆಗಳಲ್ಲಿ ಹೇಳಿಕೊಳ್ಳುವ ಈ ನಾಡಿನಲ್ಲಿ ಆ ಹೂವುಗಳನ್ನು ಯಾವ ಹೆಸರಿನಿಂದ ಕರೆಯಬೇಕು, ಯಾರು ಕೊಯ್ಯಬೇಕು, ಎಷ್ಟು ಕೊಯ್ಯಬೇಕು ಎಂಬ ಪ್ರಶ್ನೆಗಳು ನನ್ನ ಬದುಕಿನಲ್ಲಿ ಬಹುಕಾಲ ಎದುರಾಗಿರಲಿಲ್ಲ. ಅವನ್ನು ಒಂದೊಂದಾಗಿ ಮುಂದಿಟ್ಟದ್ದು ನಮ್ಮೂರ ವಾಚನಾಲಯದವರು ಓಣಂ ಹಬ್ಬಕ್ಕೆ ಏರ್ಪಡಿಸಿದ ಒಂದು ಚಿಕ್ಕ ಸ್ಪರ್ಧೆ.

ಸ್ಪರ್ಧೆಗಿಂತ ಮೊದಲು ಹೊಸ್ತಿಲಿನ ಮಾತು ಹೇಳಬೇಕು. ನನ್ನ ಅಜ್ಜಿಯ ಕಾಲದಲ್ಲಿ ಸೋಣ ಸಂಕ್ರಮಣ ಬಂತೆಂದರೆ ಮನೆಯ ಹೆಂಗಸರಿಗೆ ದಿನದ ಮೊದಲ ಕೆಲಸ ಹೊಸ್ತಿಲು ಬರೆಯುವುದಾಗಿತ್ತು. ತೊಳೆದ ಹೊಸ್ತಿಲ ಮೇಲೆ ಶೇಡಿಮಣ್ಣಿನ ಬಿಳಿಯ ಗೆರೆ, ಅದರ ಮೇಲೆ ಕುಂಕುಮ, ಅದರ ಮೇಲೆ ಹೂವು. ಆ ಹೂವು ಮನೆಯ ಹಿತ್ತಿಲಿನ ದಾಸವಾಳವಾದರೆ ಅಜ್ಜಿಗೆ ತೃಪ್ತಿಯಿರಲಿಲ್ಲ. ಸೋಣಕ್ಕೆ ಸೋಣದ ಹೂವೇ ಬೇಕು, ಅದನ್ನು ಹುಡುಕಿ ತರಬೇಕು ಎನ್ನುತ್ತಿದ್ದರು. ಮಕ್ಕಳಾದ ನಾವು ಕೆಸುವಿನ ಎಲೆಯನ್ನು ದೊನ್ನೆಯಂತೆ ಮಡಚಿ ಹಿಡಿದು ಬೇಲಿಯುದ್ದಕ್ಕೂ ಅಲೆಯುತ್ತಿದ್ದೆವು. ಗಿಡವನ್ನು ಬೋಳಿಸಿ ತಂದರೆ ಬೈಗುಳ ಖಂಡಿತ. ಪ್ರತಿ ಗಿಡದ ತುದಿಯ ಹೂವನ್ನು ಅಲ್ಲೇ ಬಿಡಬೇಕು, ಗಿಡಕ್ಕೂ ಒಂದು ಪಾಲಿರಬೇಕು ಎಂಬುದು ಅವರ ಕಟ್ಟಳೆ. ಒಂದು ಮೊಳ ಅಗಲದ ಮರದ ಪಟ್ಟಿಯ ಮೇಲೆ ಬಿಳಿ, ಹಳದಿ, ಕೆಂಪು, ನೇರಳೆಗಳನ್ನು ಎಲ್ಲಿ ಎಷ್ಟು ಇಟ್ಟರೆ ಕಣ್ಣಿಗೆ ಹಿತವೆಂಬುದನ್ನು ಅವರು ಯಾರಿಂದಲೂ ಕಲಿತಂತೆ ತೋರಲಿಲ್ಲ. ಹೂವನ್ನು ಜೋಡಿಸುವುದು ಒಂದು ಕಲೆಯೆಂದು ಆಗ ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ಅದೇ ತಿಂಗಳಿನಲ್ಲಿ, ನಮ್ಮ ತೋಟದ ಆಚೆ ಬದಿಯ ಮಲಯಾಳಿ ಮನೆಯಲ್ಲಿ, ಹೂವು ಹೊಸ್ತಿಲಿನಿಂದ ಇಳಿದು ಅಂಗಳಕ್ಕೆ ಬರುತ್ತಿತ್ತು. ಅತ್ತಂ, ಎಂದರೆ ಹಸ್ತ ನಕ್ಷತ್ರದ ದಿನದಿಂದ ತಿರುವೋಣಂ, ಎಂದರೆ ಶ್ರವಣ ನಕ್ಷತ್ರದ ದಿನದವರೆಗೆ ಹತ್ತು ದಿನ ಸೆಗಣಿ ಸಾರಿಸಿದ ಅಂಗಳದಲ್ಲಿ ವರ್ತುಲವಾಗಿ ಪೂಕ್ಕಳಂ. ದಿನಕ್ಕೊಂದು ಸುತ್ತು ಬೆಳೆಯುತ್ತ ಹೋಗುವ ಆ ಹೂವಿನ ಕಳದಲ್ಲಿ ತುಂಬೆಗೆ ಅಗ್ರಸ್ಥಾನ. ಹೂ ಹುಡುಕುವ ಮಕ್ಕಳು ಎರಡೂ ಮನೆಯವರು. ಹುಡುಕುವ ಬೇಲಿಯೂ ಒಂದೇ. ಕಾಲ ಕಳೆದಂತೆ ಅಂಗಳಗಳಿಗೆ ಸಿಮೆಂಟು ಬಂತು, ಬೇಲಿಗಳ ಜಾಗದಲ್ಲಿ ಕಲ್ಲಿನ ಆವರಣ ಎದ್ದಿತು, ಮಕ್ಕಳು ಶಾಲಾವಾಹನ ಹಿಡಿಯುವ ಹೊತ್ತು ಮುಂದಕ್ಕೆ ಸರಿದು ಸೂರ್ಯೋದಯವನ್ನು ಮುಟ್ಟಿತು. ಪೂಕ್ಕಳಂ ಮಾತ್ರ ನಿಲ್ಲಲಿಲ್ಲ, ಅದು ಬೃಹತ್ತಾಯಿತು. ಅದರ ಹೂವು ಪೇಟೆಯಿಂದ ಬರತೊಡಗಿತು. ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆದ ಚೆಂಡುಹೂವು ಘಟ್ಟ ಇಳಿದು ಕೇರಳದ ಪೇಟೆಗಳಲ್ಲಿ ರಾಶಿಬೀಳುವುದನ್ನು ಈಗ ಓಣಂ ಸಮಯದಲ್ಲಿ ಯಾರೂ ಕಾಣಬಹುದು. ಕನ್ನಡನಾಡಿನ ರೈತನ ಬೆವರು ಮಲಯಾಳಿಯ ಅಂಗಳದಲ್ಲಿ ಅರಳುವುದನ್ನು ನೋಡಿ ನನಗೆ ಸಂತೋಷವೇ ಆಗಿದೆ. ಮೂಲದಲ್ಲಿ ಮೆಕ್ಸಿಕೋ ದೇಶದ ಆ ಹೂವು ನಮ್ಮ ಎಲ್ಲ ದೇವರಿಗೂ ಒಗ್ಗಿಹೋಗಿದೆಯಷ್ಟೆ. ಆದರೆ ಕಿಲೋ ಲೆಕ್ಕದಲ್ಲಿ ಕೊಳ್ಳುವ ಹೂವಿಗಾಗಿ ಯಾವ ಮಗುವೂ ಬೇಲಿಯ ಬಳಿಗೆ ಹೋಗಬೇಕಾಗಿಲ್ಲ.

2020ರ ಓಣಂ ಬೇರೆಯಾಗಿತ್ತು. ಕೋವಿಡ್ ವ್ಯಾಪಿಸಿದ್ದ ಆ ವರ್ಷ ಹೊರರಾಜ್ಯದ ಹೂವನ್ನು ಅವಲಂಬಿಸದೆ ಆಯಾ ಊರಿನ ಹೂಗಳಿಂದಲೇ ಪೂಕ್ಕಳಂ ರಚಿಸುವಂತೆ ಕೇರಳ ಸರಕಾರ ಜನರನ್ನು ಕೋರಿತ್ತು. ಅನಿವಾರ್ಯವಾಗಿ ಜನ ಮತ್ತೆ ಹಿತ್ತಿಲು ಬೇಲಿಗಳತ್ತ ತಿರುಗಿದರು. ಸಭೆ ಸಮಾರಂಭಗಳು ಮರಳಿ ಆರಂಭವಾದ ಮೇಲೆ ನಮ್ಮ ವಾಚನಾಲಯದವರು ತಮ್ಮ ಓಣಂ ಸ್ಪರ್ಧೆಗೆ ಹೊಸದೊಂದು ವಿಭಾಗ ಸೇರಿಸಿದ್ದು ಆ ನೆನಪಿನಿಂದಲೇ. ಅದಕ್ಕೆ ಅವರು ಇಟ್ಟ ಹೆಸರು ನಾಟ್ಟುಪೂಕ್ಕಳಂ. ಊರ ಹೂವಿನ ಕಳ. ನಿಯಮಗಳು ಸರಳ. ತಾನಾಗಿ ಬೆಳೆದ ಗಿಡದ ಹೂವು ಮಾತ್ರ ಸಲ್ಲತಕ್ಕದ್ದು. ಕೊಂಡ ಹೂವು, ಬಣ್ಣ ಹಾಕಿದ ಉಪ್ಪು, ತೆಂಗಿನ ತುರಿ, ಹುಡಿ ಯಾವುದೂ ಕೂಡದು. ಕಳದ ಅಡ್ಡಳತೆ ನಾಲ್ಕಡಿ ಮೀರಬಾರದು. ತಂಡದಲ್ಲಿ ಐದು ಮಂದಿ, ಎರಡು ಗಂಟೆಯ ಅವಧಿ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಮನೆಯಲ್ಲಿದ್ದ ನನ್ನನ್ನು ಆಚೆ ಮನೆಯ ಅಂಗನವಾಡಿ ಕಾರ್ಯಕರ್ತೆ ಬಂದು ಕರೆದರು. "ಟೀಚರೇ, ನಿಮಗೆ ಹಳೆಯ ಹೂಗಳ ಗುರುತಿದೆ. ನಮ್ಮ ಜೊತೆಗೆ ನೀವೂ ನಿಲ್ಲಬೇಕು," ಎಂದರು. ನನ್ನ ನಾದಿನಿ, ನನ್ನ ಹತ್ತು ವರ್ಷದ ಮೊಮ್ಮಗಳು, ಅವರ ಮಗ ಸೇರಿ ನಮ್ಮ ತಂಡವಾಯಿತು.

ವಿಷಯ ತಿಳಿದಾಗ ಎರಡು ಕಡೆಯಿಂದಲೂ ಮಾತು ಬಂತು. ನಮ್ಮ ಬಂಧುವೊಬ್ಬರು, ಹಿರಿಯರು, ಕನ್ನಡದ ಹೋರಾಟದಲ್ಲಿ ಕಾಲ ಸವೆಸಿದವರು, ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತ, "ಅವರ ಹಬ್ಬದ ಸ್ಪರ್ಧೆಗೆ ನಾವು ಹೂ ಹೊರುವುದೇನು ಮಗಳೇ?" ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. 1956ರ ನವೆಂಬರ್ ಒಂದರಂದು ಈ ನೆಲ ಕೇರಳಕ್ಕೆ ಸೇರಿದ ನೋವನ್ನೂ, 1967ರಲ್ಲಿ ಮಹಾಜನ ಆಯೋಗದ ವರದಿ ಹೊರಬಿದ್ದಾಗ ಮೂಡಿದ ಆಸೆಯನ್ನೂ ಕಂಡುಂಡವರ ದಣಿವು ಅದು. ಇತ್ತ ವಾಚನಾಲಯದಲ್ಲಿ ಹೆಸರು ಬರೆಸುವಾಗ ಹೊಸ ತಲೆಮಾರಿನ ಯುವಕನೊಬ್ಬ ನಗುತ್ತಲೇ, ಕನ್ನಡದವರಿಗೆ ಪೂಕ್ಕಳದ ಹೂವು ಗೊತ್ತಿರುತ್ತದೆಯೇ ಎಂದು ಕೇಳಿದ. ಇಬ್ಬರಿಗೂ ನಾನು ಹೇಳಿದ ಉತ್ತರ ಒಂದೇ: ಈ ಹೂವುಗಳು ನಮ್ಮ ಹೊಸ್ತಿಲಲ್ಲಿ ಕುಳಿತಿದ್ದವು. ಸೋಣದ ಹೊಸ್ತಿಲನ್ನು ಕುರಿತು ಆ ಯುವಕ ಅದುವರೆಗೆ ಕೇಳಿರಲಿಲ್ಲ. ನಮ್ಮ ಮನೆಗಳ ಒಳಗೆ ಏನು ನಡೆಯುತ್ತದೆಂದು ಅವನಿಗೆ ತಿಳಿಸಿದವರೂ ಇರಲಿಲ್ಲ. ಹಿರಿಯರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾಯಿ ಬರೆಯುತ್ತಿದ್ದ ಹೊಸ್ತಿಲನ್ನು ನೆನೆದುಕೊಂಡು, "ತುಂಬೆ ಸಿಗಬೇಕಾದರೆ ಗುಡ್ಡದ ಕೆಳಗಿನ ಕಟ್ಟಪುಣಿಗೆ ಹೋಗಿ," ಎಂದು ದಾರಿ ಹೇಳಿದರು.

ಅತ್ತಂ ಕಳೆದ ಮೇಲೆ ಒಂದು ಮುಂಜಾನೆ ನಾವು ಪದವಿಗೆ ಹೋದೆವು. ಒಳನಾಡಿನ ಓದುಗರಿಗೆ ಪದವೆಂದರೇನೆಂದು ಹೇಳಬೇಕಾದೀತು. ಗುಡ್ಡದ ನೆತ್ತಿಯಲ್ಲಿ ಎಕರೆಗಟ್ಟಲೆ ಹರಡಿದ, ಮರವಿಲ್ಲದ, ಕಪ್ಪುಗಟ್ಟಿದ ಮುರಕಲ್ಲಿನ ಬಯಲು ಅದು. ಮಲಯಾಳದಲ್ಲಿ ಪಾರೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದ ಪ್ರದೇಶದಲ್ಲಿ ಈ ಕಲ್ಲನ್ನು ಕಂಡು ಬೆರಗಾದ. ನೆಲದಲ್ಲಿದ್ದಾಗ ಕತ್ತಿಗೆ ಸಿಗುವಷ್ಟು ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಲ್ಯಾಟಿನಿನಲ್ಲಿ ಇಟ್ಟಿಗೆಗಿರುವ ಪದದಿಂದ ಅವನು ಕೊಟ್ಟ ಲ್ಯಾಟರೈಟ್ ಎಂಬ ಹೆಸರು 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದ ಮೂಲಕ ಲೋಕಕ್ಕೆ ತಿಳಿಯಿತು. ಏಪ್ರಿಲ್ ತಿಂಗಳಲ್ಲಿ ಪದವನ್ನು ಕಂಡವರು ಅದನ್ನು ಸತ್ತ ನೆಲವೆಂದೇ ಭಾವಿಸುತ್ತಾರೆ. ಕಾಲಿಟ್ಟರೆ ಸುಡುವ ಬಂಡೆ, ಒಣಗಿದ ಕರಡ, ಅಷ್ಟೆ. ಆದರೆ ಕಲ್ಲಿನ ತಗ್ಗುಗಳಲ್ಲಿ ಬೆರಳುದ್ದ ಮಣ್ಣಿನಲ್ಲಿ ಬೀಜಗಳು ಕಾದಿರುತ್ತವೆ. ಮುಂಗಾರು ಬಿದ್ದೊಡನೆ ಮೊಳೆತು, ಸೋಣದಲ್ಲಿ ಹೂತು, ಮಳೆ ನಿಂತು ಬಂಡೆ ಒಣಗುವುದರೊಳಗೆ ಬೀಜ ಚೆಲ್ಲಿ ಅವು ಸಾಯುತ್ತವೆ. ಅವುಗಳ ಇಡೀ ಆಯುಷ್ಯ ನಾಲ್ಕೈದು ತಿಂಗಳು.

ನಾವು ಹೋದ ದಿನ ಮಂಜು ಕರಗುತ್ತಿತ್ತು. ತೆಳ್ಳಗೆ ನೀರು ನಿಂತ ಬಂಡೆಯ ಮೇಲೆ ಬೆರಳೆತ್ತರದ ಕಡ್ಡಿಗಳು, ಕಡ್ಡಿಯ ತುದಿಯಲ್ಲಿ ಕಡುನೀಲಿ ಹೂವು. ಒಂದೊಂದಾಗಿ ನೋಡಿದರೆ ಕಣ್ಣಿಗೇ ಬೀಳದಷ್ಟು ಚಿಕ್ಕದು. ಒಟ್ಟಾಗಿ ನೋಡಿದರೆ ಆಕಾಶ ಜಾರಿ ಬಿದ್ದಂತೆ. ಮಲಯಾಳದಲ್ಲಿ ಅದು ಕಾಕ್ಕಪ್ಪೂವು, ಕಾಗೆಹೂವು. ಮರಾಠಿಯವರು ಅದೇ ಕುಲದ ಹೂವನ್ನು ಸೀತೆಯ ಕಣ್ಣೀರೆಂದು ಕರೆಯುತ್ತಾರೆ. ಸಾತಾರದ ಕಾಸ್ ಪಠಾರದ ಮುರಕಲ್ಲಿನ ಮೇಲೂ ಅದು ಅರಳುತ್ತದೆ. ಸಸ್ಯಶಾಸ್ತ್ರದಲ್ಲಿ ಯುಟ್ರಿಕ್ಯುಲೇರಿಯಾ. ಇಷ್ಟು ಕೋಮಲವಾದ ಹೂವಿನ ಗಿಡ ಕೀಟಾಹಾರಿಯೆಂದು ಹೇಳಿದಾಗ ಮೊಮ್ಮಗಳು ಹಿಂದಕ್ಕೆ ಸರಿದಳು. ಸತ್ತ್ವವಿಲ್ಲದ ತೆಳುಮಣ್ಣಿನಲ್ಲಿ ಬದುಕುವ ಗಿಡವದು. ನೆಲದಡಿಯ ಸಾಸಿವೆಗಿಂತ ಸಣ್ಣ ಚೀಲಗಳಲ್ಲಿ ನೀರಿನ ಜೀವಾಣುಗಳನ್ನು ಎಳೆದು ಹಿಡಿಯುತ್ತದೆ. ಕಲ್ಲಿನಿಂದ ಏನೂ ಸಿಗದಿದ್ದಾಗ ನೀರಿನಿಂದ ಊಟ ಹುಡುಕುವ ಜಾಣ್ಮೆ. ಕಣ್ಣೂರಿನ ಮಾಡಾಯಿಪ್ಪಾರೆಯಲ್ಲಿ ದೊರೆತ ಎರಿಯೊಕಾಲಾನ್ ಕುಲದ ಒಂದು ಪುಟ್ಟ ಸಸ್ಯಕ್ಕೆ ವಿಜ್ಞಾನಿಗಳು ಆ ಪಾರೆಯ ಹೆಸರನ್ನೇ ಇಟ್ಟಿದ್ದಾರೆ. ಪಾಳುಬಿದ್ದ ನೆಲವೆಂದು ನಾವು ದಾಟಿಹೋಗುವಲ್ಲಿ ಲೋಕಕ್ಕೆ ಹೊಸದಾದ ಜೀವವಿರುವುದುಂಟು.

ಪದವಿನಿಂದ ಕೆಳಗಿಳಿಯುತ್ತ ಉಳಿದ ಹೂವುಗಳು ಸಿಕ್ಕವು. ಸಿಕ್ಕಂತೆ ಹೆಸರುಗಳ ಜಗಳವೂ ಹುಟ್ಟಿತು. ನಾದಿನಿ ಕೇಪುಳವೆಂದದ್ದನ್ನು ಅಂಗನವಾಡಿ ಟೀಚರು ಚೆತ್ತಿಯೆಂದರು. ನಾನು ನೆಕ್ಕರಿಕೆಯೆಂದ ನೇರಳೆ ಹೂವು ಅವರಿಗೆ ಅತಿರಾಣಿ. ಅದರ ಹಣ್ಣು ತಿಂದರೆ ನಾಲಗೆ ಕಪ್ಪಾಗುವ ಸಂಗತಿ ಮಾತ್ರ ಇಬ್ಬರಿಗೂ ಗೊತ್ತು. ಬೆಂಕಿಯ ನಾಲಗೆಯಂಥ ಗೌರಿಹೂವು ಅವರಲ್ಲಿ ಮೇಂದೋನ್ನಿ. ಆಟಿಯಲ್ಲಿ ಸೊಪ್ಪು ಬೇಯಿಸಿ ತಿನ್ನುವ ಚಗಟೆ ಅವರಲ್ಲಿ ತಗರ, ತುಳುವಿನಲ್ಲಿ ತಜಂಕ್. ಮುಟ್ಟಿದರೆ ಎಲೆ ಮಡಚುವ, ಅಕ್ಕಿಕಾಳಿನಷ್ಟು ಹಳದಿ ಹೂವಿನ ಗಿಡವನ್ನು ಅವರು ಮುಕ್ಕುತ್ತಿಯೆಂದಾಗ ನಮಗೆ ಅರ್ಥ ಹೇಳಬೇಕಾಗಿ ಬರಲಿಲ್ಲ. ನಮ್ಮ ಮೂಗುತಿಯೇ ಅಲ್ಲಿ ಹೊಳೆಯುತ್ತಿತ್ತು. ತುಂಬೆಗೆ ಮಾತ್ರ ಎಲ್ಲರ ಬಾಯಲ್ಲೂ ತುಂಬೆಯೇ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮುದ್ರಣವಾದ ಹಾರ್ಟಸ್ ಮಲಬಾರಿಕಸ್ ಗ್ರಂಥಕ್ಕಾಗಿ ಡಚ್ ಅಧಿಕಾರಿ ವಾನ್ ರೀಡೆ ಈ ಕರಾವಳಿಯ ಗಿಡಗಳನ್ನು ಬರೆಸುವಾಗ ಮಲಯಾಳಿ ವೈದ್ಯರನ್ನೂ ಕೊಂಕಣಿ ಪಂಡಿತರನ್ನೂ ಜೊತೆಗೂಡಿಸಿದ್ದ. ಚೆತ್ತಿಯ ಚಿತ್ರ ಅದರಲ್ಲಿದೆ. ಒಂದು ಗಿಡವನ್ನು ಪೂರ್ತಿಯಾಗಿ ತಿಳಿಯಲು ಒಂದು ಭಾಷೆ ಸಾಲದೆಂಬುದು ಅಂದೇ ಗೊತ್ತಾಗಿದ್ದ ಸತ್ಯ.

ಕೊಯ್ಯುವಾಗ ಅಜ್ಜಿಯ ಕಟ್ಟಳೆಯನ್ನೇ ನಿಯಮವಾಗಿಟ್ಟುಕೊಂಡೆವು. ಹತ್ತು ಹೂವಿದ್ದಲ್ಲಿ ಮೂರು. ಮೂರಿದ್ದಲ್ಲಿ ಒಂದೂ ಇಲ್ಲ. ಲೆಕ್ಕ ಇಡುವ ಕೆಲಸ ಮಕ್ಕಳದು. ಅವರು ಅದನ್ನು ಎಷ್ಟು ಕಟ್ಟುನಿಟ್ಟಾಗಿ ಮಾಡಿದರೆಂದರೆ ನಾದಿನಿ ಹೆಚ್ಚಿಗೆ ಕಿತ್ತ ಒಂದು ಕೇಪುಳದ ಗೊಂಚಲಿಗೆ ವಿಚಾರಣೆಯೇ ನಡೆಯಿತು. ಗೌರಿಹೂವಿನ ಗೆಡ್ಡೆ ವಿಷ, ಅದನ್ನು ಅಗೆಯಕೂಡದು, ಹೂ ಮುಟ್ಟಿದ ಮೇಲೆ ಕೈ ತೊಳೆಯಬೇಕು ಎಂದು ತಿಳಿಸಿದೆವು. ಬೇಲಿಯ ತುಂಬ ಹಬ್ಬಿದ ಲಂಟಾನದ ಹೂವಿಗೆ ಮಾತ್ರ ಮಿತಿಯಿಲ್ಲ, ಬೇಕಾದಷ್ಟು ಕೊಯ್ಯಿರಿ ಎಂದಾಗ ಮಕ್ಕಳು ಕುಣಿದರು. ಅಮೆರಿಕಾ ಖಂಡದಿಂದ ಬಂದು ನಮ್ಮ ಗುಡ್ಡಗಳನ್ನು ಆಕ್ರಮಿಸಿದ ಆ ಗಿಡ ತಾನಾಗಿ ಬೆಳೆದದ್ದೆಂಬ ನಿಯಮದೊಳಗೆ ಸಲ್ಲುತ್ತದೆಯೇ ಎಂಬ ಚರ್ಚೆ ದಾರಿಯುದ್ದಕ್ಕೂ ನಡೆಯಿತು. ಕೊನೆಗೆ ವಾಚನಾಲಯದ ಕಾರ್ಯದರ್ಶಿಯನ್ನೇ ಕೇಳಿದೆವು, ಸಲ್ಲುತ್ತದೆಂದರು. ಸಣ್ಣ ಹೂವುಗಳು ಬೇಗ ಬಾಡುತ್ತವೆ. ನೆಕ್ಕರಿಕೆಯ ಎಸಳು ಆ ದಿನವೇ ಉದುರುತ್ತದೆ. ಆದ್ದರಿಂದ ಸ್ಪರ್ಧೆಯ ದಿನ ಬೆಳಕು ಹರಿಯುವ ಮುನ್ನವೇ ಮತ್ತೆ ಹೋಗಿ, ಹೂವನ್ನು ಒದ್ದೆ ಬಾಳೆಲೆಯಲ್ಲಿ ಸುತ್ತಿ, ಬುಟ್ಟಿಯನ್ನು ನೆರಳಿನಲ್ಲೇ ಹೊತ್ತು ತಂದೆವು.

ವಾಚನಾಲಯದ ಸಭಾಂಗಣದಲ್ಲಿ ಒಂದು ಬದಿಗೆ ದೊಡ್ಡ ಪೂಕ್ಕಳಗಳು. ಹತ್ತಡಿಯ ವರ್ತುಲಗಳಲ್ಲಿ ಚೆಂಡುಹೂವಿನ ಹಳದಿ, ಕೇಸರಿಗಳು ಕಣ್ಣು ಕೋರೈಸುತ್ತಿದ್ದವು. ಇನ್ನೊಂದು ಬದಿಗೆ ನಮ್ಮ ವಿಭಾಗ. ಒಟ್ಟು ನಾಲ್ಕೇ ತಂಡ. ನೆಲದಲ್ಲಿ ಸುಣ್ಣದ ಕಡ್ಡಿಯಿಂದ ವೃತ್ತ ಎಳೆದು ಕುಳಿತಾಗ ತಿಳಿಯಿತು, ಕಾಡಹೂವಿನ ಜೋಡಣೆಗೆ ಬೇರೆಯೇ ಲೆಕ್ಕವಿದೆಯೆಂದು. ಚೆಂಡುಹೂವಿನ ಎಸಳನ್ನು ಹಿಡಿಗಟ್ಟಲೆ ಸುರಿದು ತುಂಬಬಹುದು. ತುಂಬೆಯನ್ನು ಒಂದೊಂದಾಗಿ ಇಡಬೇಕು. ಮಧ್ಯದಲ್ಲಿ ಅಂಗೈಯಗಲ ತುಂಬೆ, ಅದರ ಸುತ್ತ ಚಗಟೆಯ ಹಳದಿ, ಆಮೇಲೆ ಕೇಪುಳದ ಕೆಂಪು. ಹೂ ಕಡಿಮೆಯಾದಲ್ಲಿ ಸಣ್ಣಗೆ ಹೆಚ್ಚಿದ ಎಲೆಯ ಹಸಿರನ್ನು ಹರಡಿದೆವು. ಹೊರಸುತ್ತಿಗೆ ಲಂಟಾನ; ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣವಿರುವ ಅದು ಅಂಚಿಗೆ ಸರಿಯಾಗಿ ಒಪ್ಪಿತು. ನಾಲ್ಕು ದಿಕ್ಕಿಗೆ ನಾಲ್ಕು ಗೌರಿಹೂವು. ನೇರಳೆಯ ನೆಕ್ಕರಿಕೆಯನ್ನು ಎಲ್ಲಿಡುವುದೆಂದು ಅಂಗನವಾಡಿ ಟೀಚರಿಗೂ ನಾದಿನಿಗೂ ಒಮ್ಮತ ಬರಲಿಲ್ಲ. ಕೆಂಪಿನ ಪಕ್ಕದಲ್ಲಿಟ್ಟರೆ ಎರಡೂ ಮಂಕು. ಕೊನೆಗೆ ಹಸಿರಿನ ನಡುವೆ ಬಿಡಿಬಿಡಿಯಾಗಿಟ್ಟಾಗ ಕಳಕ್ಕೆ ಉಸಿರು ಬಂದಂತಾಯಿತು. ಎಲ್ಲಿ ಜಾಗ ಬಿಡಬೇಕೆಂಬುದನ್ನು ಆ ಗಳಿಗೆಯಲ್ಲಿ ನನಗೆ ಹೇಳಿಕೊಟ್ಟದ್ದು ಅಜ್ಜಿಯ ಹೊಸ್ತಿಲು. ಆ ಪಟ್ಟಿಯ ಮೇಲೆ ಅವರು ಹೂವಿಗಿಂತ ಹೆಚ್ಚಾಗಿ ಬಿಳಿಯ ಗೆರೆಗಳನ್ನೇ ಕಾಣುವಂತೆ ಬಿಡುತ್ತಿದ್ದರು.

ಕಾಕ್ಕಪ್ಪೂವನ್ನು ನಾವು ಕಳದಲ್ಲಿ ಬಳಸಲಿಲ್ಲ. ಕಿತ್ತರೆ ಕೈಯಲ್ಲೇ ಮುದುಡುವ ಹೂವದು, ಜೊತೆಗೆ ಗಿಡವೇ ಬುಡಸಹಿತ ಬರುತ್ತದೆ. ಅದರ ಬದಲಿಗೆ ಮೊಮ್ಮಗಳು ಪದವಿನಲ್ಲಿ ಕುಳಿತು ಬರೆದ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟು, ಅದರಡಿ ಹೂವಿನ ಹೆಸರನ್ನೂ ಅದು ಎಲ್ಲಿ ಅರಳಿದೆಯೆಂಬುದನ್ನೂ ಕನ್ನಡ ಮಲಯಾಳಗಳೆರಡರಲ್ಲೂ ಬರೆದಳು. ತೀರ್ಪುಗಾರರು ಬಂದರು, ಬಗ್ಗಿ ನೋಡಿದರು, ಅವರಲ್ಲೊಬ್ಬರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ನಮಗೆ ಬಂದದ್ದು ಎರಡನೆಯ ಬಹುಮಾನ. ಮೊದಲನೆಯದು ಗದ್ದೆಬದಿಯ ಕುಟುಂಬಶ್ರೀ ಮಹಿಳೆಯರಿಗೆ. ಅವರ ತುಂಬೆಯ ಕಳ ನಮ್ಮದಕ್ಕಿಂತ ನಿಜವಾಗಿ ಅಂದವಾಗಿತ್ತು. ಬಹುಮಾನವಾಗಿ ಬಂದ ಸ್ಟೀಲಿನ ಪಾತ್ರೆಯಲ್ಲಿ ಈಗಲೂ ನಮ್ಮ ಮನೆಯ ಮಜ್ಜಿಗೆ ಇರುತ್ತದೆ.

ಮೂರನೆಯ ವರ್ಷ ಹೂವಿಗೆ ಹೋದಾಗ ಪದವಿನ ತೆಂಕಣ ಅಂಚು ಇರಲಿಲ್ಲ. ಅಲ್ಲಿ ಕೆಂಪುಕಲ್ಲಿನ ಕೋರೆ ತೆರೆದಿತ್ತು. ಯಂತ್ರದ ಗರಗಸ ನೆಲವನ್ನು ಸಮನಾದ ಕಲ್ಲುಗಳಾಗಿ ಸೀಳಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು. ಗುಂಡಿಯ ತಳದಲ್ಲಿ ಕೆಂಪು ನೀರು ನಿಂತಿತ್ತು. ನೀಲಿಯ ಬಯಲಿನ ಮೂರನೆಯ ಒಂದು ಭಾಗ ಹೋಗಿತ್ತು. ಯಾರ ಮೇಲೆ ಕೋಪಿಸಿಕೊಳ್ಳುವುದು? ನಾನು ಹುಟ್ಟಿದ ಮನೆ, ಬದುಕುತ್ತಿರುವ ಮನೆ, ಕಲಿಸಿದ ಶಾಲೆ, ನಾವು ಹೂವಿಟ್ಟ ವಾಚನಾಲಯ ಎಲ್ಲದರ ಗೋಡೆಯೂ ಇದೇ ಮುರಕಲ್ಲಿನದು. ಹೂವಿಗೂ ಕಲ್ಲಿಗೂ ನಮ್ಮ ಭಾಷೆಯಲ್ಲಿರುವುದು ಒಂದೇ ಕ್ರಿಯಾಪದ: ಕೊಯ್ಯುವುದು. ಹಿಂದಿನವರು ಮನೆಗೆ ಬೇಕಾದಷ್ಟು ಕಲ್ಲನ್ನು ಕೈಕೊಡಲಿಯಿಂದ ಕೊಯ್ದರು. ಅವರ ದೇಹದ ದಣಿವೇ ಅದಕ್ಕೊಂದು ಮಿತಿಯಾಗಿತ್ತು. ಯಂತ್ರಕ್ಕೆ ದಣಿವಿಲ್ಲ. ಕೊಯ್ದ ಹೂವು ಮುಂದಿನ ಸೋಣಕ್ಕೆ ಮರಳುತ್ತದೆ, ಬುಡ ಉಳಿದಿದ್ದರೆ. ಕೊಯ್ದ ಪದವು ಯಾವ ಸೋಣಕ್ಕೂ ಮರಳುವುದಿಲ್ಲ.

ಆ ವರ್ಷವೇ ವಾಚನಾಲಯದ ಸಭೆಯಲ್ಲಿ ನಾಟ್ಟುಪೂಕ್ಕಳಂ ವಿಭಾಗವನ್ನು ಕೈಬಿಡುವ ಮಾತು ಬಂತು. ತಂಡಗಳು ಕಡಿಮೆ, ಚಿತ್ರದಲ್ಲಿ ಬಣ್ಣ ಕಾಣುವುದಿಲ್ಲ, ಜನ ನಿಂತು ನೋಡುವುದು ದೊಡ್ಡ ಕಳಗಳನ್ನೇ ಎಂದು ಕಾರಣ ಕೊಟ್ಟರು. ಕಾಡಹೂವನ್ನು ಕೀಳಲು ಮಕ್ಕಳಿಗೆ ಪ್ರೋತ್ಸಾಹ ಕೊಡುವುದು ಸರಿಯೇ ಎಂದು ಒಬ್ಬರು ಕೇಳಿದ ಪ್ರಶ್ನೆ ಮಾತ್ರ ನಿಜವಾಗಿ ಭಾರದ್ದಾಗಿತ್ತು. ನಾನು ಎದ್ದು ಮಲಯಾಳದಲ್ಲಿ ಮಾತನಾಡಿದೆ. ನನ್ನ ಮಲಯಾಳ ಬೇಲಿಯ ಬಳಿ ಕಲಿತದ್ದು, ವೇದಿಕೆಗೆ ಸಲ್ಲುವಂಥದಲ್ಲ. ಹೂವು ಕೀಳದಿದ್ದರೆ ಹೂವು ಉಳಿಯುತ್ತದೆಂದು ನಂಬುವುದಕ್ಕೆ ನನಗೂ ಇಷ್ಟವೇ. ಆದರೆ ನಮ್ಮ ಪದವು ಹೋದದ್ದು ಮಕ್ಕಳ ಬುಟ್ಟಿಗಳಿಂದಲ್ಲ, ಅಲ್ಲಿ ಏನಿತ್ತೆಂದು ಊರಿನಲ್ಲಿ ಯಾರಿಗೂ ತಿಳಿಯದಿದ್ದುದರಿಂದ ಎಂದೆ. ಮೂರು ನಿಯಮಗಳನ್ನು ಮುಂದಿಟ್ಟೆ. ಹತ್ತರಲ್ಲಿ ಮೂರರ ಲೆಕ್ಕ ಎಲ್ಲ ತಂಡಗಳಿಗೂ ಇರಲಿ. ಪದವಿನ ಹೂವುಗಳು ಚಿತ್ರವಾಗಿ ಮಾತ್ರ ಬರಲಿ. ಪ್ರತಿ ಹೂವಿನ ಹೆಸರು ಮತ್ತು ಅದು ಬೆಳೆದ ಜಾಗವನ್ನು ತಂಡದವರು ತಮಗೆ ಬಂದ ಭಾಷೆಯಲ್ಲಿ ಬರೆದಿಡಲಿ. ಅಂಕಗಳಲ್ಲಿ ಅರ್ಧಪಾಲು ಆ ಪಟ್ಟಿಗೆ ಇರಲಿ. ಕನ್ನಡದವರಿಗೆ ಹೂವು ಗೊತ್ತಿರುತ್ತದೆಯೇ ಎಂದು ಕೇಳಿದ್ದ ಆ ಯುವಕನೇ ಈ ಸೂಚನೆಯನ್ನು ಅನುಮೋದಿಸಿದ. ವಿಭಾಗ ಉಳಿಯಿತು. ಕೋರೆ ಇನ್ನೂ ಮುಚ್ಚಿಲ್ಲ. ಆದರೆ ಉಳಿದ ಪದವಿನ ವಿಷಯದಲ್ಲಿ ಪಂಚಾಯತಿಗೆ ಕೊಟ್ಟ ಅರ್ಜಿಗೆ ಲಗತ್ತಿಸಲು ನಮ್ಮಲ್ಲಿ ಈಗ ಮಕ್ಕಳು ಬರೆದ ಪಟ್ಟಿಯಿದೆ. ಬರಿಯ ಬಂಡೆಯೆಂದು ಅದನ್ನು ಇನ್ನು ಯಾರೂ ಸುಲಭವಾಗಿ ಕರೆಯಲಾರರು.

ಓಣಂ ಬರುವುದು ಮಹಾಬಲಿ ತನ್ನ ಪ್ರಜೆಗಳನ್ನು ನೋಡಲು ಬರುವನೆಂಬ ನಂಬಿಕೆಯಿಂದ. ತುಳುನಾಡಿನಲ್ಲಿ ಅದೇ ಬಲಿಯನ್ನು ನಾವು ದೀಪಾವಳಿಯ ಸಂಜೆ ಬಲೀಂದ್ರನೆಂದು ಕರೆದು, ಹಾಲೆಮರದ ಕಂಬಕ್ಕೆ ಕಾಡಹೂವುಗಳನ್ನು ಸಿಂಗರಿಸಿ ದೀಪವಿಡುತ್ತೇವೆ. ಅವನು ರಾಜ್ಯವನ್ನಾಳಲು ಮರಳುವುದಕ್ಕೆ ಒಡ್ಡಿದ ಅಸಾಧ್ಯದ ಕರಾರುಗಳಲ್ಲಿ ತುಂಬೆಯ ಗಿಡದ ನೆರಳಿನ ಮಾತೂ ಒಂದು. ಮೊಣಕಾಲೆತ್ತರದ ತುಂಬೆಯಡಿ ಜನ ನೆರೆಯುವುದುಂಟೇ ಎಂಬುದು ಅದರ ವ್ಯಂಗ್ಯ. ಒಬ್ಬನೇ ಅರಸನಿಗೆ ಒಂದು ಭಾಷೆ ಸಿಂಹಮಾಸದಲ್ಲಿ ಅಂಗಳ ಸಾರಿಸುತ್ತದೆ, ಇನ್ನೊಂದು ಆಶ್ವಯುಜದಲ್ಲಿ ಗದ್ದೆಗೆ ದೀಪ ಕೊಂಡೊಯ್ಯುತ್ತದೆ. ನ್ಯಾಯಾಲಯದ ಕಡತಗಳಲ್ಲೂ ಆಯೋಗದ ವರದಿಗಳಲ್ಲೂ ಎಳೆದ ಗಡಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಶಾಲೆಯೂ ಕನ್ನಡ ಅಧ್ಯಾಪಕರೂ ಬೇಕೆಂಬ ಹಕ್ಕಿನ ಮಾತನ್ನು ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಆದರೆ ನಾಲ್ಕಡಿಯ ವೃತ್ತದಲ್ಲಿ ಕುಳಿತು ತುಂಬೆ ಜೋಡಿಸುವಾಗ, ಆ ಹಕ್ಕನ್ನು ಕೇಳಲು ನೆರೆಯವರಿಗೆ ಬೆನ್ನು ಹಾಕಬೇಕಿಲ್ಲವೆಂದು ನನಗೆ ಮನವರಿಕೆಯಾಗಿದೆ. ನಮ್ಮ ಬಳಿ ಏನಿದೆಯೆಂದು ಅವರಿಗೆ ಕಂಡಷ್ಟೂ ನಮ್ಮ ಮಾತಿಗೆ ತೂಕ ಬರುತ್ತದೆ.

ಮೊಮ್ಮಗಳ ನೋಟುಪುಸ್ತಕದಲ್ಲಿ ಈವರೆಗೆ ನಲವತ್ತಮೂರು ಹೂವುಗಳಿವೆ. ಒಂದೊಂದು ಹೂವಿಗೆ ಒಂದೊಂದು ಪುಟ. ಮೇಲೆ ಅವಳು ಬರೆದ ಚಿತ್ರ, ಕೆಳಗೆ ಕನ್ನಡ, ತುಳು, ಮಲಯಾಳ, ಕೊಂಕಣಿಗಳಿಗೆ ನಾಲ್ಕು ಸಾಲು. ಮಲಯಾಳದ ಸಾಲುಗಳು ಬೇಗ ತುಂಬಿದವು. ತುಳುವಿನವು ಹಿರಿಯರನ್ನು ಕೇಳಿ ಕೇಳಿ ತುಂಬಿದವು. ಕನ್ನಡದ ಹನ್ನೊಂದು ಸಾಲುಗಳು ನಮ್ಮೂರಿನಲ್ಲಿ ಕೇಳಿದ ಯಾರಿಂದಲೂ ತುಂಬಲಿಲ್ಲ. ಪುಸ್ತಕದಿಂದ ನಕಲು ಮಾಡಲು ಅವಳು ಒಪ್ಪುವುದಿಲ್ಲ. ಯಾರಾದರೂ ಬಾಯಿಂದ ಹೇಳಿದ ಹೆಸರೇ ಆಗಬೇಕಂತೆ. ಈ ಸಮ್ಮೇಳನಕ್ಕೆ ವಯನಾಡಿನಿಂದ, ನೀಲಗಿರಿಯಿಂದ, ತಾಳವಾಡಿಯಿಂದ, ಅಕ್ಕಲಕೋಟೆಯಿಂದ, ಮಡಕಶಿರದಿಂದ ಕನ್ನಡಿಗರು ಬರುವರೆಂದು ತಿಳಿದು ಅವಳು ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಿದ್ದಾಳೆ. ಊಟದ ಸಾಲಿನಲ್ಲೋ ಪುಸ್ತಕ ಮಳಿಗೆಯ ಮುಂದೋ ಹುಡುಗಿಯೊಬ್ಬಳು ಹೂವಿನ ಚಿತ್ರ ಹಿಡಿದು, "ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ?" ಎಂದು ಕೇಳಿದರೆ, ಎರಡು ನಿಮಿಷ ನಿಂತು ಹೇಳಿಹೋಗಬೇಕೆಂದು ಓದುಗರಲ್ಲಿ ನನ್ನ ವಿನಂತಿ.